ಆಗೊಮ್ಮೆ ಈಗೊಮ್ಮೆ ಆಡೋದಕ್ಕೆ

"ಸುಟ್ಟುಹೋಯ್ತಾ? ಒಳ್ಳೇದಾಯ್ತು, ಪೀಡೆ ತೊಲಗಿತು!" ಎಂದರು ಅತ್ತೆ, ಮೂಗು ಮುಚ್ಚಿಕೊಂಡು. ಊಟದ ಮೇಜಿನ ಮೇಲೆ ಸೊಸೆಯ ಲ್ಯಾಪ್‌ಟಾಪ್ ಸುಟ್ಟ ವಾಸನೆ ಬೀರುತ್ತಾ ತಣ್ಣಗೆ ಬಿದ್ದಿತ್ತು. "ಮದುವೆಯಾದ ಹೆಂಗಸು, ಭಾನುವಾರ ಬಂದ್ರೆ ಕಿವಿಗೆ ಅದೇನೋ ಸಿಕ್ಕಿಸ್ಕೊಂಡು ಲಾರಿ ಓಡಿಸ್ತಾಳೆ! ಇನ್ನೊಂದು ಆಟದ ಪೆಟ್ಟಿಗೆ ಈ ಹೊಸ್ತಿಲು ದಾಟಿದ್ರೆ ನಾನು ಮಗಳ ಮನೆಗೆ ಹೊರಟೆ ಅಂತಲೇ ತಿಳ್ಕೊಳ್ಳಿ. ಟೈಪಿಂಗಿಗೆ ಎಷ್ಟು ಬೇಕೋ ಅಷ್ಟಿರೋದು ತನ್ನಿ, ಸಾಕು."

ಗಂಡ ಬಲಗೈಯನ್ನು ಜೇಬಿಗೆ ತೂರಿಸಿ ಕಿಟಕಿಯತ್ತ ತಿರುಗಿದ. ಮನೆಯಲ್ಲೇ ಕುಳಿತು ಅವರಿವರ ಅರ್ಜಿ, ಪ್ರಬಂಧಗಳನ್ನು ಬೆರಳಚ್ಚು ಮಾಡಿಕೊಡುವವಳು ಸೊಸೆ. ಆ ಕೆಲಸಕ್ಕೆ ಆಟದ ಚಿತ್ರ ಓಡಿಸುವ ಗ್ರಾಫಿಕ್ಸ್ ಬೇಕಿಲ್ಲ, ನಿಜ. ಆದರೆ ಆ ಲಾರಿಯ ಆಟ ಹೋದರೆ ಅವಳ ಪಾಲಿಗೆ ಒಬ್ಬನೇ ತಮ್ಮ ಹೋದಂತೆಯೇ!

ತಮ್ಮ ಅವಳ ಗಂಡನ ಮರಗೆಲಸದ ಅಂಗಡಿಯಲ್ಲೇ ಕೆಲಸಕ್ಕಿದ್ದ. ಮೂರು ವರ್ಷದ ಹಿಂದೆ, ಭಾವ ಗರಗಸದ ಬ್ಲೇಡು ಒರೆಸುತ್ತಿರುವುದನ್ನು ನೋಡದೆ ಸ್ವಿಚ್ಚು ಹಾಕಿಬಿಟ್ಟ. ಭಾವನ ಬಲಗೈಯ ಎರಡು ಬೆರಳು ಹೋದವು. ಆಸ್ಪತ್ರೆಯ ಮಂಚದ ಮೇಲಿಂದಲೇ ಗಂಡ ಅವಳಿಂದ ಮಾತು ತೆಗೆದುಕೊಂಡ. ಇನ್ನು ತಮ್ಮನಿಗೆ ಫೋನಿಲ್ಲ, ಕಾಗದವಿಲ್ಲ, ಭೇಟಿಯಿಲ್ಲ. ಅವಳು ಅಳುತ್ತಲೇ ಹೂಂ ಎಂದಳು. ಆಟದ ವಿಷಯವನ್ನು ಮಾತ್ರ ಯಾರೂ ಎತ್ತಿರಲಿಲ್ಲವಲ್ಲ! ಹೀಗಾಗಿ ಭಾನುವಾರ ಮಧ್ಯಾಹ್ನ, ಗಂಡ ಒಳಕೋಣೆಯಲ್ಲಿ ಮಲಗಿದ ಮೇಲೆ, ಅಕ್ಕ ಇಲ್ಲಿಂದ, ತಮ್ಮ ತನ್ನ ಮನೆಯಿಂದ ಇಂಟರ್ನೆಟ್ಟಿನಲ್ಲಿ ಕೂಡಿಕೊಂಡು, ಪರದೆಯ ಹೆದ್ದಾರಿಯಲ್ಲಿ ಒಬ್ಬರ ಹಿಂದೊಬ್ಬರು ಲಾರಿ ಓಡಿಸುತ್ತಾ ಹೆಡ್‌ಫೋನಿನಲ್ಲಿ ಅರ್ಧ ಗಂಟೆ ಮಾತಾಡುತ್ತಿದ್ದರು. ಇದನ್ನು ಮಾತಿಗೆ ತಪ್ಪುವುದು ಎನ್ನುತ್ತೀರೋ ಬಿಡುತ್ತೀರೋ, ನಿಮ್ಮಿಷ್ಟ. ಅವಳಂತೂ ಆ ಅರ್ಧ ಗಂಟೆಗಾಗಿ ವಾರವಿಡೀ ಕಾಯುತ್ತಿದ್ದಳು.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಲ್ಯಾಪ್‌ಟಾಪ್ ಅಂಗಡಿಗೆ ಹೋದರು. ಅಂಗಡಿಯವನ ಬಾಯಿ ಸುಮ್ಮನಿರದು.

"ಟೈಪಿಂಗಿಗಾ ಅಕ್ಕಾ? ಹಾಗಾದ್ರೆ ಇದೇ ಸರಿ. ಹೂವಿನಷ್ಟು ಹಗುರ, ಬ್ಯಾಟರಿ ದಿನವಿಡೀ ಬರುತ್ತೆ."

ಅವಳ ಕಣ್ಣು ಮೇಲಿನ ಸಾಲಿನಲ್ಲಿದ್ದ ದಪ್ಪನೆಯದರ ಮೇಲೇ ನೆಟ್ಟಿತ್ತು. "ಅದು?"

"ಅದು ಆಟದ್ದು. ಗ್ರಾಫಿಕ್ಸ್ ಕಾರ್ಡ್ ಬೇರೆಯಾಗೇ ಇದೆ, ಫ್ಯಾನ್ ಎರಡು. ಭಾರ, ಸದ್ದೂ ಜಾಸ್ತಿ. ಆಗೊಮ್ಮೆ ಈಗೊಮ್ಮೆ ಆಡೋದಕ್ಕಾದ್ರೆ ಅಷ್ಟು ದೊಡ್ಡದು ಬೇಡ, ಅದರ ಪಕ್ಕದ ಮಧ್ಯಮದ್ದು ಸಾಕು. ಯಾರು ಆಡೋದು ಅಕ್ಕಾ, ಮಕ್ಕಳಾ?"

ಅವಳು ಓರೆಗಣ್ಣಲ್ಲಿ ನೋಡಿದಳು. ಗಂಡ ತನ್ನನ್ನೇ ನೋಡುತ್ತಿದ್ದಾನೆ! ಬಾಯಿ ಬಿಟ್ಟರೆ ಮನೆಯೊಡೆಯುತ್ತದೆ... ಬಿಡದಿದ್ದರೆ ಭಾನುವಾರ ತಮ್ಮ ಒಬ್ಬನೇ ಕಾಯುತ್ತಾನೆ...

"ಯಾರೂ ಆಡಲ್ಲ," ಎಂದಳು. "ಹಗುರದ್ದೇ ಕೊಡಿ." ಪುಟ್ಟಾ, ಕ್ಷಮಿಸೋ ಎಂದು ಅವಳ ಒಳಗು ಕೂಗುತ್ತಿತ್ತು.

"ತಡೀರಿ," ಎಂದ ಗಂಡ. "ಆ ಮಧ್ಯಮದ್ದು ಅಂದ್ರಲ್ಲ, ಅದರಲ್ಲಿ ಲಾರಿ ಓಡುತ್ತಾ?"

"ಲಾರಿ ಏನು ಸಾರ್, ವಿಮಾನಾನೇ ಹಾರುತ್ತೆ!" ಅಂಗಡಿಯವನು ಹೊಸ ಪೆಟ್ಟಿಗೆ ತರಲು ಖುಷಿಯಿಂದ ಒಳಗೆ ಓಡಿದ.

"ಬೇಡ ರೀ... ಅತ್ತೆ ಏನಂದ್ರು ಅಂತ..."

"ಭಾನುವಾರ ನಾನು ನಿದ್ದೆ ಮಾಡ್ತಿರ್ಲಿಲ್ಲ ಕಣೇ."

ಅವಳು ಗಕ್ಕನೆ ಗಂಡನತ್ತ ತಿರುಗಿದಳು.

"ನಿನ್ನ ತಮ್ಮನ ಮಾತು ಕೇಳಿಸ್ತಿರ್ಲಿಲ್ಲ, ನಿನ್ನದು ಮಾತ್ರ. ಮೊದಮೊದಲು ಮೈಯೆಲ್ಲಾ ಉರೀತಿತ್ತು. ವೈರು ಕಿತ್ತುಹಾಕ್ಬೇಕು ಅಂತ ಎಷ್ಟು ಸಲ ಬಾಗಿಲ ತನಕ ಬಂದಿದ್ದೀನಿ! ಈಗಲೂ ಕೋಪ ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳ್ಲಿ... ಆದ್ರೆ ಪ್ರತಿ ವಾರ ಕೂತ ತಕ್ಷಣ ನೀನು ಒಂದೇ ಮಾತು ಹೇಳ್ತೀಯ. 'ಈಗ ಪರವಾಗಿಲ್ಲ ಕಣೋ, ನೋವು ಕಮ್ಮಿ' ಅಂತ. ಅವನು ಕೇಳೋದು ನನ್ನ ಕೈ ವಿಷಯ ತಾನೇ?"

ಅವಳಿಗೆ ಅಳು ಒತ್ತರಿಸಿಕೊಂಡು ಬಂತು. "ಅದನ್ನ ಕೇಳದೆ ಅವನು ಲಾರಿ ಸ್ಟಾರ್ಟೇ ಮಾಡಲ್ಲ ರೀ...!"

ಗಂಡ ಜೇಬಿನಿಂದ ಕೈ ತೆಗೆದು ಕೌಂಟರಿನ ಗಾಜಿನ ಮೇಲಿಟ್ಟ.

"ನೋವು ಕಮ್ಮಿ ಅಂತ ಯಾಕೆ ಹೇಳ್ತೀಯ? ಚಳಿಯಾದ್ರೆ ನನಗೆ ಪ್ರಾಣ ಹೋಗುತ್ತೆ ಅಂತ ನಿನಗೆ ಗೊತ್ತು."

"ನಿಜ ಹೇಳಿದ್ರೆ ಅವನು ತಡ್ಕೊಳ್ಳಲ್ಲ..."

ಅಂಗಡಿಯವನು ಪೆಟ್ಟಿಗೆ ಹೊತ್ತು ಬಂದ. ಇವರಿಬ್ಬರ ಮುಖ ನೋಡಿ, ಅಷ್ಟು ಮಾತಿನವನೂ ಮೆತ್ತಗಾಗಿ ಟೇಪು ಬಿಚ್ಚತೊಡಗಿದ.

"ಅತ್ತೆಗೆ ಏನು ಹೇಳೋದು?" ಅವಳು ಕಣ್ಣೊರೆಸಿಕೊಂಡು ಪಿಸುಗುಟ್ಟಿದಳು.

"ಆಡೋನು ನಾನು ಅಂತ ಹೇಳ್ತೀನಿ. ಅಮ್ಮನ ಕೈಲಿ ಬೈಸಿಕೊಳ್ಳೋದು ನನಗೇನು ಹೊಸದಾ?" ಎಂದ ಗಂಡ. ಆಮೇಲೆ ದನಿ ತಗ್ಗಿಸಿದ. "ಈ ಭಾನುವಾರ ಅವನು ಕೈ ಹೇಗಿದೆ ಅಂತ ಕೇಳ್ತಾನಲ್ಲ... ಆಗ ನೀನು ಏನೂ ಹೇಳ್ಬೇಡ. ಕಿವಿಗೆ ಹಾಕೋದನ್ನ ನನಗೆ ಕೊಡು, ನಾನೇ ಹೇಳ್ತೀನಿ."