ಸೊನ್ನೆಯೊಳಗಿದ್ದವರು

ಪರದೆಯ ಮೇಲೆ ಸೊನ್ನೆ ಮೂಡಿತು. ಗಣಿಯ ಬಾಯಲ್ಲಿ ನೆರೆದಿದ್ದ ಜನ ಗೋಳೋ ಎಂದು ಅತ್ತರು.

ರಾಯಚೂರು ಸೀಮೆಯ ಆ ಚಿನ್ನದ ಗಣಿ ಕುಸಿದು, ಬಾವಿಯಂಥ ದುಂಡನೆಯ ಕೋಣೆಯೊಂದರಲ್ಲಿ ಕೆಲಸಗಾರರು ಸಿಕ್ಕಿಬಿದ್ದಿದ್ದರು. ನೀರು ಏರುತ್ತಿತ್ತು. ಬಂಡೆಯೊಳಗಿನ ಬಡಿತ ಆಲಿಸುವ ಯಂತ್ರ ಸೊನ್ನೆ ತೋರಿದರೆ ಒಳಗೆ ಜೀವವಿಲ್ಲವೆಂದು ಲೆಕ್ಕ, ಹುಡುಕಾಟ ನಿಲ್ಲಬೇಕು. ಎರಡು ಸಾವಿರದ ಅರವತ್ತರ ದಶಕದಲ್ಲಿ ಕಾನೂನೇ ಹಾಗಿತ್ತು. ಗಣಿಯ ಅಧಿಕಾರಿ ಮಹಬೂಬ್ ನೀರೆತ್ತುವ ಪಂಪು ನಿಲ್ಲಿಸಿದ.

ಆ ಯಂತ್ರವನ್ನು ಕಂಡುಹಿಡಿದವಳು ಗಣಿತ ವಿಜ್ಞಾನಿ ನೀಲಗಂಗಾ. ಬಂಡೆಯ ಸುತ್ತ ಉಂಗುರದಂತೆ ಸಂವೇದಕಗಳನ್ನು ನೆಟ್ಟರೆ, ಒಂದು ಕಡೆಯಿಂದ ಬಂದ ಬಡಿತ ಉಂಗುರದ ಸುತ್ತ ಸಾಗಿದಂತೆಲ್ಲ ಏರಿಳಿಯುತ್ತದೆ. ಆ ಏರಿಳಿತವನ್ನು ಅಳೆಯುವ ಗಣಿತದ ಉಪಾಯವೇ ಅವಕಲನ ಆಪರೇಟರ್. ಆ ಉಂಗುರವನ್ನು ಚಕ್ರದಂತೆ ಕೂದಲೆಳೆಯಷ್ಟೂ ತಿರುಗಿಸಬಹುದು, ಅರ್ಧ ಸುತ್ತೂ ತಿರುಗಿಸಬಹುದು. ಅಂಥ ಎಲ್ಲ ತಿರುವುಗಳು ಸೇರಿ ಒಂದು ‘ಸಂತತ ಗುಂಪು’. ಆ ಗುಂಪು ದನಿಗಳನ್ನು ಮನೆತನಗಳಾಗಿ ಬೇರ್ಪಡಿಸುತ್ತದೆ, ಆಪರೇಟರ್ ಪ್ರತಿ ಮನೆತನಕ್ಕೂ ಒಂದು ಅಂಕಿ ಕೊಡುತ್ತದೆ. ಎಷ್ಟು ತಿರುಗಿಸಿದರೂ ಬದಲಾಗದ, ಪೂರ್ಣ ಸಮ್ಮಿತಿಯ ದನಿಗೆ ಸೊನ್ನೆ.

ಫ್ಯಾನು, ಪಂಪುಗಳ ಗದ್ದಲ ಹಾಗೆ ಎಲ್ಲ ಕಡೆಯಿಂದ ಸಮನಾಗಿ ಬರುತ್ತದೆ. ಅದರಲ್ಲಿ ಮನುಷ್ಯರಿರಲಾರರು ಎಂದುಕೊಂಡು ನೀಲಗಂಗಾ ಸಂವೇದಕದ ಒಳಗೇ ಅದನ್ನು ಅಳಿಸಿಹಾಕಿದ್ದಳು. ಯಂತ್ರ ಬೇರೆ ಕಡೆ ಜೀವಗಳನ್ನು ಉಳಿಸಿತ್ತು, ಸನ್ಮಾನಗಳೂ ಆಗಿದ್ದವು. ಹೊಗಳಿಕೆ ಕೇಳುವ ಕಿವಿಗೆ ಅನುಮಾನ ಎಲ್ಲಿ ಕೇಳಿಸೀತು?

ಹುಲಿಗೆಮ್ಮ ಬಂದು, ಗಣಿಯ ಬಾಯಲ್ಲೇ ಪರದೆಯ ಮುಂದಿದ್ದ ನೀಲಗಂಗಾಳ ಕೈ ಹಿಡಿದಳು. ಹುಲಿಗೆಮ್ಮನ ಮಗಳು ಅಮರವ್ವ ಒಳಗಿದ್ದಳು. “ಇನ್ನೊಮ್ಮೆ ನೋಡ್ರೀ ಮೇಡಮ್ಮೋರೆ. ಹಂಗ ಸಾಯೋ ಹುಡುಗಿ ಅಲ್ಲ ಅದು.”

“ನೋಡ್ತೀನಿ ಅವ್ವಾ. ಒಳಗಿದ್ದೋರು ಹೆಂಗ ಬಡೀತಾರ? ಒಬ್ಬೊಬ್ಬರೇ ಏನು?”

“ಒಬ್ಬರೇ ಬಡಿಯಂಗಿಲ್ರೀ! ಗ್ವಾಡಿ ಸುತ್ತ ನಿಂತು ಎಲ್ಲಾರೂ ಒಂದೇ ಸಲ ಬಡೀಬೇಕು. ಒಬ್ಬ ಮುಂದ ಬಡದ್ರ, ತನ್ನ ಜೀವ ಅಷ್ಟೇ ನೋಡ್ಕೊಂಡ ಅಂತಾರ. ನಮ್ಮ ಗಣಿಯಾಗ ಮೊದಲಿಂದ ಹಂಗ ಐತಿ.”

ನೀಲಗಂಗಾ ಗಕ್ಕನೆ ಪರದೆಯತ್ತ ತಿರುಗಿದಳು. ದುಂಡನೆಯ ಕೋಣೆ, ಗೋಡೆಯ ಸುತ್ತಲೂ ಸಮನಾಗಿ, ಒಂದೇ ಸಲ! ಆ ಬಡಿತದ ಅಂಕಿಯೂ ಸೊನ್ನೆಯೇ, ಗದ್ದಲದ ಜೊತೆಗೇ ಅಳಿಸಿಹೋಗುವಂಥದ್ದು.

“ಪಂಪು ಹಚ್ಚಿಸ್ರಿ! ಅವರು ಬದುಕಿರಬಹುದು!”

“ಇರಬಹುದು ಅಂದ್ರ ಹೆಂಗ್ರೀ?” ಮಹಬೂಬನ ಕಣ್ಣೂ ಕೆಂಪಾಗಿತ್ತು. “ಸೊನ್ನಿ ಅಂದ್ರ ಸಾವು ಅಂತ ಸರ್ಕಾರಕ್ಕ ಬರದುಕೊಟ್ಟೋರು ನೀವ. ಅಂಕಿ ಬದಲಾಗ್ಲಿ, ಈಗಿಂದೀಗ ಹಚ್ಚಿಸ್ತೀನಿ.”

ಅವಳು ಕೈಮುಗಿದಳು, ಬೈದಳು. ಕಾನೂನು ಕದಲಲಿಲ್ಲ. ಅಳಿಸಿದ ದನಿಯನ್ನು ಮರಳಿ ತರಲು ದಾರಿಯೂ ಇರಲಿಲ್ಲ. ಪರದೆಯನ್ನೇ ದಿಟ್ಟಿಸುತ್ತ ಕೂತಾಗ ಅವಳಿಗೆ ಹೊಳೆಯಿತು: ಆ ವರ್ತುಲ ಮುರಿದರೆ ಮಾತ್ರ ಅಂಕಿ ಬದಲಾಗುತ್ತದೆ. ಅಂದರೆ ಒಬ್ಬರ ಕೈ ಸೋಲಬೇಕು. ತಾನು ಅದಕ್ಕಾಗಿಯೇ ಕಾಯುತ್ತಿದ್ದೇನೆ ಎಂದು ತಿಳಿದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಕಣ್ಣು ಕೀಳಲಾಗಲಿಲ್ಲ.

ಸೊನ್ನೆ ಅಳಿದು ‘ಒಂದು’ ಎಂಬ ಅಂಕಿ ಮೂಡಿತು.

“ಸೊನ್ನಿ ಹೋತು!” ಜನ ಕೇಕೆ ಹಾಕಿದರು. ಮಹಬೂಬ್ ಓಡುತ್ತಲೇ ಪಂಪಿನವರನ್ನು ಕೂಗಿದ. ಹುಲಿಗೆಮ್ಮ ನೀಲಗಂಗಾಳ ಕೆನ್ನೆ ಸವರಿ ಲಟಿಕೆ ಮುರಿದಳು. “ನನ್ನ ಮಗಳು ಬಡಿಯಾಕತ್ಯಾಳ, ನೋಡ್ರೀ! ಯಾಕ ಅಳ್ತೀರಿ ಯವ್ವಾ?”

ಎಲ್ಲರೂ ಒಟ್ಟಾಗಿ ಬಡಿದಷ್ಟು ಹೊತ್ತು ಪಂಪು ನಿಂತಿತ್ತು. ಯಾರೋ ಒಬ್ಬರು ಬಿದ್ದರು, ಪಂಪು ಓಡಿತು. ನಮ್ಮ ಈ ಕಾಲದಲ್ಲಿ ಅಂಥ ಯಂತ್ರ ಇನ್ನೂ ಹುಟ್ಟಿಲ್ಲ. ಒಬ್ಬರು ಬಿದ್ದ ಮೇಲಷ್ಟೇ ಕಿವಿಗೊಡುವ ಅದರ ಕಾನೂನಿಗೆ ಮಾತ್ರ ನಾವು ಈಗಾಗಲೇ ಒಗ್ಗಿಹೋಗಿದ್ದೇವೆ.