ಅಡಗಿಸಿಟ್ಟ ಕಿತ್ತಳೆ

"ಅಜ್ಜಿ, ಕೈ ತೋರಿಸು!"

"ಯಾಕವ್ವಾ? ನನ್ನ ಕೈಯಾಗ ಏನೈತಿ? ಬಳಿ ಅದಾವ, ಅಷ್ಟ."

"ಆ ಕೈ ಅಲ್ಲ. ದಿ ಅದರ್ ಒನ್. ಸೀರೆ ಒಳಗೆ ಇದೆಯಲ್ಲ, ಅದು."

ಶಿವಕ್ಕಜ್ಜಿ ಸೆರಗಿನ ಮರೆಯಿಂದ ಮೆಲ್ಲಗೆ ಕೈ ಹೊರಗೆ ತೆಗೆದಳು. ಅಂಗೈಯಲ್ಲಿ ದಪ್ಪನೆಯ ಕಿತ್ತಳೆ ಹಣ್ಣು. ಅರ್ಧ ಸಿಪ್ಪೆ ಆಗಲೇ ಬಿಚ್ಚಿತ್ತು. ಅಡುಗೆಮನೆ ತುಂಬ ಅದರದೇ ಘಮ. ಹಣ್ಣನ್ನೇನೋ ಸೆರಗಿನಲ್ಲಿ ಮುಚ್ಚಬಹುದು, ಘಮವನ್ನು ಎಲ್ಲಿ ಮುಚ್ಚುತ್ತೀರಿ?

"ಅಜ್ಜೀ! ಯು ಪ್ರಾಮಿಸ್ಡ್!"

"ಒಂದ ಹಣ್ಣು ತಿಂದ್ರ ಏನಾಗ್ತೈತಿ? ಇದು ಹುಳಿ ಐತಿ. ಹುಳಿ ಹಣ್ಣಿನ್ಯಾಗ ಸಕ್ರಿ ಎಲ್ಲಿಂದ ಬರ್ತೈತಿ?"

"ಇದೆ! ಆರೆಂಜ್‌ನಲ್ಲೂ ಶುಗರ್ ಇದೆ. ಮಮ್ಮಿ ಹೇಳಿದ್ದಾಳೆ."

"ನಿಮ್ಮ ಮಮ್ಮೀನ್ನ ಹೆತ್ತಾಕಿ ನಾನವ್ವಾ! ಈಗ ಆಕಿ ನನಗ ಸಾಲಿ ಕಲಿಸ್ತಾಳ. ನೀ ಆಕೀ ಪೊಲೀಸು."

ಪ್ರತಿಭಾ ನಗಲಿಲ್ಲ. ಹತ್ತು ವರ್ಷದ ಪೊಲೀಸರಿಗೆ ಡ್ಯೂಟಿಯಲ್ಲಿರುವಾಗ ನಗು ಬರುವುದಿಲ್ಲ. ಅವಳು ಅಜ್ಜಿಯ ಕೈಯಿಂದ ಹಣ್ಣನ್ನು ಕಿತ್ತುಕೊಂಡೇಬಿಟ್ಟಳು.

ಅಜ್ಜಿ ಗದಗದಿಂದ ಕಡಲಾಚೆಯ ಕಮ್ಮಿಂಗ್ ಊರಿನ ಈ ಮನೆಗೆ ಬಂದದ್ದು ಬೇಸಿಗೆ ರಜೆಯಲ್ಲಿ. ಸೂಟ್‌ಕೇಸಿನಲ್ಲಿ ಶೇಂಗಾ ಚಟ್ನಿಪುಡಿ ಬಂತು, ಅದರ ಜೊತೆ ಶುಗರ್ ಕಾಯಿಲೆಯ ಗುಳಿಗೆಗಳೂ ಬಂದವು. ಹೋದ ವಾರ ಮನೆಯಲ್ಲಿ ಯಾರೂ ಇಲ್ಲದಾಗ ಅಜ್ಜಿ ಟಿವಿ ನೋಡುತ್ತ ಆರೇಳು ಕಿತ್ತಳೆ ಮುಗಿಸಿದ್ದಳು. ಸಂಜೆ ಬೆರಳು ಚುಚ್ಚಿ ಮೀಟರಿನಲ್ಲಿ ನೋಡಿದರೆ ಮುನ್ನೂರರ ಹತ್ತಿರ! ಮಮ್ಮಿ ಅಜ್ಜಿಯನ್ನು ಚೆನ್ನಾಗಿ ಬೈದಳು. ಆಮೇಲೆ ಲಾಂಡ್ರಿ ರೂಮಿಗೆ ಹೋಗಿ ಅತ್ತಳು. ಅದನ್ನು ಪ್ರತಿಭಾ ನೋಡಿದ್ದಳು.

"ಪುಟ್ಟಿ, ನಾನು ಆಫೀಸಲ್ಲಿರ್ತೀನಿ. ನೀನು ಸ್ಕೂಲಿಂದ ಬಂದ್ಮೇಲೆ ಅಜ್ಜೀನ ನೋಡ್ಕೋಬೇಕು. ಸ್ವೀಟ್ ಇರೋದು ಏನೂ ಕೊಡ್ಬೇಡ. ಪ್ರಾಮಿಸ್?" ಎಂದು ಮಮ್ಮಿ ಕೇಳಿದ್ದಳು. ಪ್ರತಿಭಾ ಪ್ರಾಮಿಸ್ ಮಾಡಿದ್ದಳು.

ಅಂದಿನಿಂದ ಬಾಳೆಹಣ್ಣು, ದ್ರಾಕ್ಷಿ, ಮಾವು ಮನೆಗೆ ಬರುವುದು ನಿಂತಿತು. ಸಕ್ಕರೆ ಡಬ್ಬಿಯನ್ನು ಮಮ್ಮಿ ಎಲ್ಲಿ ಬಚ್ಚಿಟ್ಟಳೋ ದೇವರಿಗೇ ಗೊತ್ತು. ಡ್ಯಾಡಿ ಮಾತ್ರ ಮರೆತು ಮತ್ತೊಂದು ಚೀಲ ಕಿತ್ತಳೆ ತಂದಿಟ್ಟು, ಆಫೀಸಿನ ಕೆಲಸಕ್ಕೆಂದು ರೆಸ್ಟನ್ ಎಂಬ ಊರಿಗೆ ಹಾರಿದ್ದರು.

ಇನ್ನು ಈ ಚೀಲ ಅಡುಗೆಮನೆಯಲ್ಲಿದ್ದರೆ ಆಗದು ಎಂದುಕೊಂಡಳು ಪ್ರತಿಭಾ. ಅಜ್ಜಿಯ ಕೈಯಿಂದ ಹಣ್ಣು ಕಿತ್ತುಕೊಂಡ ಆ ಭಾನುವಾರ ಸಂಜೆಯೇ ಅದನ್ನು ಎಳೆದುಕೊಂಡು ಹೋಗಿ, ಕಾರು ನಿಲ್ಲಿಸುವ ಗರಾಜಿನಲ್ಲಿ ಹುಲ್ಲು ಕತ್ತರಿಸುವ ಮಷೀನಿನ ಹಿಂದೆ ಇಟ್ಟಳು. ಮೇಲೊಂದು ಹಳೆಯ ಟವೆಲ್ ಮುಚ್ಚಿದಳು. ಯಾರಿಗೂ ಹೇಳಲಿಲ್ಲ.

ಮರುದಿನ ಸ್ಕೂಲ್ ಬಸ್ಸಿನಿಂದ ಇಳಿದಾಗ ರಸ್ತೆ ಕಾದು ಬೆಂಕಿಯಾಗಿತ್ತು. ದಿನಾ ಬಸ್ಸಿನ ಸದ್ದು ಕೇಳಿದರೆ ಸಾಕು, ಅಜ್ಜಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಇಂದು ಬಾಗಿಲು ಮುಚ್ಚಿತ್ತು. ಪ್ರತಿಭಾ ಬೆಲ್ ಒತ್ತಿದಳು. ಮತ್ತೆ ಒತ್ತಿದಳು. ಒಳಗಿನಿಂದ ಉತ್ತರವಿಲ್ಲ. ಗರಾಜಿನ ಬಾಗಿಲು ತೆರೆಯುವ ನಂಬರ್ ಒತ್ತಿ ಒಳಗೆ ಓಡಿದಳು.

ಅಜ್ಜಿ ಸೋಫಾಕ್ಕೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಎಸಿ ತಣ್ಣಗೆ ಓಡುತ್ತಿತ್ತು. ಆದರೂ ಅಜ್ಜಿಯ ಹಣೆಯಿಂದ ಬೆವರು ಇಳಿಯುತ್ತಿತ್ತು. ತೊಡೆಯ ಮೇಲಿದ್ದ ಕೈಗಳು ಗಡಗಡ ನಡುಗುತ್ತಿದ್ದವು.

"ಅಜ್ಜಿ! ಏನಾಯ್ತು?"

"ಏನಿಲ್ಲವ್ವಾ... ಕೈಕಾಲು ನಡಗತಾವ. ಕಣ್ಣಿಗೆ ಮಬ್ಬು ಬಂದಂಗ ಆಗೈತಿ."

"ಲಂಚ್‌ಗೆ ಏನು ತಿಂದೆ?"

"ಇವತ್ತ ಶ್ರಾವಣ ಸೋಮವಾರ ಅಲ್ಲೇನು? ಉಪಾಸ. ಸಂಜಿ ದೀಪ ಹಚ್ಚೂತನಕ ಹಣ್ಣಷ್ಟ ತಿನ್ನೂದು." ಅಜ್ಜಿ ಮಾತು ನಿಲ್ಲಿಸಿ ಉಸಿರು ಎಳೆದುಕೊಂಡಳು. "ಮಧ್ಯಾಹ್ನ ಎಲ್ಲಾ ಕಡೆ ಹುಡುಕಿದೆ. ಹಣ್ಣಿನ ಚೀಲಾನ ಸಿಗಲಿಲ್ಲ. ನೀರು ಕುಡದು ಕುಂತೆ."

ಪ್ರತಿಭಾ ಗರಾಜಿನ ಕಡೆ ಒಮ್ಮೆ ನೋಡಿದಳು.

"ಮತ್ತೆ ಟ್ಯಾಬ್ಲೆಟ್?"

"ಅದನ್ನ ಮುಂಜಾನೆನ ತಗೊಂಡೆ. ಗುಳಿಗಿ ಮಾತ್ರ ತಪ್ಪಸಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರಲ್ಲ."

ಅವಳು ಮಮ್ಮಿಗೆ ಫೋನ್ ಮಾಡಿದಳು. ವಾಯ್ಸ್‌ಮೇಲ್. ಡ್ಯಾಡಿಗೆ ಮಾಡಿದಳು. ಅಲ್ಲೂ ವಾಯ್ಸ್‌ಮೇಲ್. "ಮಮ್ಮಿ, ಅಜ್ಜಿ ಶೇಕ್ ಆಗ್ತಿದ್ದಾಳೆ, ಬೇಗ ಕಾಲ್ ಮಾಡು" ಎಂದು ಮಮ್ಮಿಗೆ ಮತ್ತೆ ಮಾಡಿ ಮೆಸೇಜ್ ಬಿಟ್ಟಳು. ಕಿಟಕಿಯಿಂದ ನೋಡಿದಳು. ಅಕ್ಕಪಕ್ಕದ ಮನೆಗಳ ಮುಂದೆ ಒಂದು ಕಾರೂ ಇಲ್ಲ. ಇದ್ದವರೆಲ್ಲ ಕೆಲಸಕ್ಕೆ ಹೋಗಿದ್ದರು.

ಆಗ ಅವಳಿಗೆ ಕೈಲ್ ನೆನಪಾದ. ಕೈಲ್ ಅವಳ ಕ್ಲಾಸಿನವನು, ಅವನಿಗೂ ಡಯಾಬಿಟಿಸ್ ಇತ್ತು. ಒಮ್ಮೆ ಓಡುವ ಆಟದಲ್ಲಿ ಅವನಿಗೆ ಹೀಗೇ ಬೆವರಿ ನಡುಕ ಬಂದಾಗ ಟೀಚರ್ ಆರೆಂಜ್ ಜ್ಯೂಸ್ ಕುಡಿಸಿದ್ದರು. "ಜ್ಯೂಸ್ ನಿನಗೆ ಬ್ಯಾಡ್ ಅಲ್ವಾ?" ಎಂದು ಪ್ರತಿಭಾ ಕೇಳಿದ್ದಕ್ಕೆ, "ಶುಗರ್ ಕಡಿಮೆ ಆದಾಗ ಅದೇ ನನ್ನ ಮೆಡಿಸಿನ್" ಎಂದಿದ್ದ ಕೈಲ್.

ಆದರೆ ಅಜ್ಜಿಗೆ ಕಡಿಮೆ ಆಗಿದೆಯೋ ಹೆಚ್ಚಾಗಿದೆಯೋ? ಹೋದ ವಾರ ಇದೇ ಕಿತ್ತಳೆಯಿಂದ ಮುನ್ನೂರು ಆಗಿತ್ತಲ್ಲ! ಈಗ ತಪ್ಪಾಗಿ ಕೊಟ್ಟು ಅಜ್ಜಿಗೆ ಏನಾದರೂ ಆದರೆ? ಕೊಡದೆ ಏನಾದರೂ ಆದರೆ?

ಮೀಟರ್! ಅವಳು ಮಮ್ಮಿಯ ರೂಮಿಗೆ ಓಡಿ ಅದನ್ನು ತಂದಳು. ಮಮ್ಮಿ ಮಾಡುವುದನ್ನು ಎಷ್ಟೋ ಸಲ ನೋಡಿದ್ದಳು. ಆದರೆ ನೋಡುವುದೇ ಬೇರೆ, ಚುಚ್ಚುವುದೇ ಬೇರೆ. ಅವಳಿಗೆ ರಕ್ತ ಕಂಡರೆ ಆಗುತ್ತಿರಲಿಲ್ಲ. ಅಜ್ಜಿಯ ಬೆರಳು ಹಿಡಿದಳು. ಅದು ಮಂಜಿನಂತೆ ತಣ್ಣಗಿತ್ತು. ಹಲ್ಲು ಕಚ್ಚಿ ಚುಚ್ಚಿದಳು. ಒಂದು ಹನಿ ಬಂತು. ಮೀಟರ್ ಯೋಚಿಸಿತು, ಯೋಚಿಸಿತು, ಕೊನೆಗೂ ಹೇಳಿತು: ಐವತ್ತೆರಡು.

ಮುನ್ನೂರು ಹೆಚ್ಚು ಅಂದರೆ ಐವತ್ತೆರಡು ಕಡಿಮೆ. ಇಷ್ಟು ಮ್ಯಾತ್ಸ್ ಅವಳಿಗೆ ಗಾಬರಿಯಲ್ಲೂ ಬಂತು.

ಪ್ರತಿಭಾ ಗರಾಜಿಗೆ ಓಡಿದಳು. ಟವೆಲ್ ಎಸೆದಳು. ಗರಾಜಿನ ಸೆಕೆಗೆ ಹಣ್ಣುಗಳೆಲ್ಲ ಬಿಸಿಯಾಗಿದ್ದವು. ಕೈಗೆ ಸಿಕ್ಕಷ್ಟನ್ನು ಫ್ರಾಕಿನಲ್ಲಿ ತುಂಬಿಕೊಂಡು ಬಂದು, ಸಿಪ್ಪೆ ಹರಿದು, ಎರಡೂ ಕೈಯಿಂದ ಗ್ಲಾಸಿನ ಮೇಲೆ ಹಿಂಡಿದಳು. ರಸ ಅರ್ಧ ಗ್ಲಾಸಿಗೆ, ಅರ್ಧ ಮೊಣಕೈಗೆ. ಬೀಜ, ನಾರು ಎಲ್ಲ ಅದರಲ್ಲೇ.

"ಅಜ್ಜಿ, ಕುಡಿ. ಫಾಸ್ಟ್!"

ಅಜ್ಜಿ ಗ್ಲಾಸನ್ನು ನೋಡಿದಳು. ಹಣ್ಣಿನ ಘಮಕ್ಕೆ ಅವಳ ಮೂಗು ಅರಳಿತು. ಆದರೆ ಮುಖ ಪಕ್ಕಕ್ಕೆ ತಿರುಗಿಸಿದಳು.

"ಬ್ಯಾಡವ್ವಾ... ನೀ ಸಿಟ್ಟಾಗ್ತಿ."

ಪ್ರತಿಭಾಳಿಗೆ ಅಳು ಒತ್ತರಿಸಿ ಬಂತು. ಅಜ್ಜಿ ತನಗೆ ಹೆದರುತ್ತಿದ್ದಾಳೆ! ಅಷ್ಟು ದೊಡ್ಡ ಅಜ್ಜಿ, ಹಾವು ಕಂಡರೂ ಹೆದರದ ಅಜ್ಜಿ, ತನ್ನ ಮೊಮ್ಮಗಳಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದಾಳೆ.

"ಸಿಟ್ಟಾಗಲ್ಲ ಅಜ್ಜಿ. ನೆವರ್. ಇದು ನಿನ್ನ ಮೆಡಿಸಿನ್. ಪ್ಲೀಸ್ ಕುಡಿ ಅಜ್ಜಿ, ಪ್ಲೀಸ್..."

ಅವಳು ಅಜ್ಜಿಯ ಗದ್ದ ಹಿಡಿದು ಗ್ಲಾಸನ್ನು ತುಟಿಗೆ ತಂದಳು. ಅಜ್ಜಿ ಒಂದು ಗುಟುಕು ಕುಡಿದಳು. ಇನ್ನೊಂದು. ಆಮೇಲೆ ಗಟಗಟನೆ ಪೂರ್ತಿ.

ಪ್ರತಿಭಾ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜಿಗೆ ಒತ್ತಿ ಕುಳಿತಳು. ಅಜ್ಜಿ ಕಣ್ಣು ಮುಚ್ಚಿ ಮಾತಾಡದೆ ಹೋದರೆ ನೈನ್ ಒನ್ ಒನ್ ಒತ್ತಿ ಆಂಬ್ಯುಲೆನ್ಸ್ ಕರೆಯುವುದು ಎಂದು ನಿಶ್ಚಯಿಸಿದ್ದಳು. ಬೆರಳು ಬಟನ್ನುಗಳ ಮೇಲೆಯೇ ಇತ್ತು. ಗಡಿಯಾರದ ಮುಳ್ಳು ಮಾತ್ರ ಯಾಕೋ ಮೊಂಡು ಹಿಡಿದಿತ್ತು. "ಅಜ್ಜಿ, ಮಾತಾಡು." "ಹೂಂ." "ಅಜ್ಜಿ, ಇದ್ದೀಯಾ?" "ಅದೀನವ್ವಾ."

ಮೆಲ್ಲಗೆ ಕೈಗಳ ನಡುಕ ನಿಂತಿತು. ಹಣೆಯ ಬೆವರು ಆರಿತು. ಅಜ್ಜಿ ಬಾಯಿಂದ ಏನನ್ನೋ ಬೆರಳಿಗೆ ತೆಗೆದುಕೊಂಡು ನೋಡಿದಳು.

"ಅಯ್ಯ, ಬೀಜನರ ಸೋಸಬಾರದೇನ, ಹುಡುಗಿ!"

ಪ್ರತಿಭಾ ಅಜ್ಜಿಯನ್ನು ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟಳು. ಮತ್ತೊಮ್ಮೆ ಚುಚ್ಚಿ ನೋಡಿದಾಗ ಮೀಟರ್ ತೊಂಬತ್ತು ದಾಟಿತ್ತು.

ಮಮ್ಮಿಯ ಫೋನ್ ಬಂತು. ಹಿಂದೆಯೇ ಮಮ್ಮಿಯೂ ಬಂದಳು, ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ. ಪ್ರತಿಭಾ ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದಳು: "ಮಮ್ಮಿ, ನಾನು ಪ್ರಾಮಿಸ್ ಬ್ರೇಕ್ ಮಾಡಿದೆ. ಅಜ್ಜಿಗೆ ಜ್ಯೂಸ್ ಕೊಟ್ಟೆ. ಮತ್ತೆ ಚೀಲ ಬಚ್ಚಿಟ್ಟಿದ್ದೂ ನಾನೇ."

ಮಮ್ಮಿ ಬೈಯಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತು ಇಬ್ಬರನ್ನೂ ಎಳೆದುಕೊಂಡಳು. "ಹಣ್ಣು ತಿಂದು ಉಪವಾಸ ಮಾಡ್ತಾಳೆ ಅಂದ್ಕೊಂಡಿದ್ದೆ. ಮನೇಲಿ ಹಣ್ಣಿದೆಯಾ ಅಂತ ನಾನಾದ್ರೂ ನೋಡಿದ್ನಾ?" ಎಂದಳು.

ಪರಿಚಯದ ಡಾಕ್ಟರ್ ಬದರಿನಾಥ್ ಅಂಕಲ್‌ಗೆ ಫೋನ್ ಹೋಯಿತು. ಸ್ಪೀಕರಿನಲ್ಲಿ ಅವರ ದನಿ ಗಡಸಾಗಿತ್ತು. "ಹೊಟ್ಟೆಗೇನೂ ಹಾಕದೆ ಗುಳಿಗೆ ನುಂಗಿದ್ರೆ ಹೀಗೇ ಆಗೋದು. ಈಗ ಮೊದಲು ಊಟ ಮಾಡಿಸಿ, ಆಗಾಗ ಚೆಕ್ ಮಾಡ್ತಾ ಇರಿ. ಇನ್ಮೇಲೆ ಉಪವಾಸ ಅಂದ್ರೆ ಹಿಂದಿನ ದಿನವೇ ನನ್ನನ್ನ ಕೇಳಬೇಕು, ಅಮ್ಮಾ. ಮತ್ತೆ ಊಟದ ಜೊತೆ ಒಂದು ಕಿತ್ತಳೆ ತಿಂದ್ರೆ ಏನೂ ಆಗಲ್ಲ. ಆರೇಳು ತಿನ್ನಬಾರದು, ಅಷ್ಟೇ."

ಮಮ್ಮಿ ಅಂದು ಸೂರ್ಯ ಮುಳುಗುವುದಕ್ಕೆ ಕಾಯಲಿಲ್ಲ. ಬೇಗನೆ ದೀಪ ಹಚ್ಚಿಸಿದಳು. ಅಜ್ಜಿ ಕೈ ಮುಗಿದದ್ದೇ ತಡ, ಮೂವರೂ ಊಟಕ್ಕೆ ಕುಳಿತರು. ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಅಜ್ಜಿ ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದಳು. ಚಾಚಿದವಳು ಅರ್ಧಕ್ಕೇ ನಿಲ್ಲಿಸಿ, ಓರೆಗಣ್ಣಿನಿಂದ ಪ್ರತಿಭಾಳನ್ನು ನೋಡಿದಳು.

ಪ್ರತಿಭಾಳ ಬಾಯಿ ಅಭ್ಯಾಸದಂತೆ ತೆರೆಯಿತು. ಆದರೆ ಅವಳು ರೊಟ್ಟಿ ಎಣಿಸಲಿಲ್ಲ. ಅಜ್ಜಿಯ ಮುಖ ನೋಡಿದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ತುಟಿ ಒಣಗಿತ್ತು.

"ಅಜ್ಜಿ, ನಿನಗೆ ಹೇಗನಿಸ್ತಾ ಇದೆ?"

ಬೇಸಿಗೆಯಿಂದ ಈ ಮನೆಯಲ್ಲಿ ಎಲ್ಲರೂ ಅಜ್ಜಿಯನ್ನು ಕೇಳಿದ್ದು ಒಂದೇ, ಏನು ತಿಂದೆ, ಎಷ್ಟು ತಿಂದೆ. ಈ ಮಾತನ್ನು ತಾನು ಇದುವರೆಗೆ ಕೇಳಿಯೇ ಇಲ್ಲ ಎಂದು ಪ್ರತಿಭಾಳಿಗೆ ಹೊಳೆದದ್ದು, ಕೇಳಿದ ಮೇಲೆ.

"ಹಸಿವ್ಯಾಗೈತವ್ವಾ," ಅಂದಳು ಅಜ್ಜಿ. "ಬಾಳ ಹಸಿವ್ಯಾಗೈತಿ."

ಪ್ರತಿಭಾ ರೊಟ್ಟಿಯ ತಟ್ಟೆಯನ್ನು ಅಜ್ಜಿಯ ಹತ್ತಿರಕ್ಕೆ ಸರಿಸಿದಳು.