ಪ್ರಿಂಟರ್ ಪ್ರೋಗ್ರಾಮ್ ಮತ್ತೆ ಮಾಯ

ಬಾಗಿಲು ತೆರೆದ ಟೈಲರಮ್ಮನ ಕೈಯಲ್ಲಿ ಕತ್ತರಿಯಿತ್ತು. ಹೊರಗೆ ನಿಂತಿದ್ದ ಕಂಪ್ಯೂಟರ್ ರಿಪೇರಿಯವನು ಒಂದು ಹೆಜ್ಜೆ ಹಿಂದೆ ಸರಿದ.

“ನೀವು ಮಾರಿದ ಕಂಪ್ಯೂಟರ್‌ನಲ್ಲಿ ಏನೂ ಉಳಿದಿಲ್ಲ,” ಎಂದಳು ಅವಳು.

ಪರದೆ ಕಿಕ್ಕಿರಿದಿದೆಯೆಂದು ಅದರ ಮೇಲಿದ್ದ ಪುಟ್ಟ ಚಿತ್ರಗಳನ್ನೆಲ್ಲ ಅವಳೇ ಅಳಿಸಿದ್ದಳು. ಅವನಿಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಮೈಯೆಲ್ಲ ಉರಿಯಿತು.

“ಮನೆ ಮುಂದಿನ ಬೋರ್ಡು ಕಿತ್ರೆ ಮನೆ ಹೋಗುತ್ತಾ? ಪ್ರೋಗ್ರಾಮ್‌ಗಳೆಲ್ಲ ಒಳಗೇ ಇವೆ,” ಎಂದ ಅವನು.

ನಿಜವಾಗಿ ತೆಗೆಯಬೇಕಾದರೆ ಸೆಟ್ಟಿಂಗ್ಸ್‌ಗೆ ಹೋಗಿ, ಪಟ್ಟಿಯಲ್ಲಿ ಹೆಸರು ಹುಡುಕಿ, ಅನ್‌ಇನ್‌ಸ್ಟಾಲ್ ಒತ್ತಬೇಕೆಂದು ತೋರಿಸಿದ. ಹೊಸದನ್ನು ಹಾಕುವಾಗ ಪ್ರತಿ ಪುಟವನ್ನೂ ಓದಿ, ಬೇಡದ ಕಡೆ ಟಿಕ್ ತೆಗೆದು ಮುಂದೆ ಹೋಗಬೇಕೆಂದ. ಅವಳು ಕೇಳಿದ್ದನ್ನೇ ಮೂರು ಸಲ ಕೇಳಿದರೂ ಅವನು ಹುಬ್ಬು ಗಂಟಿಕ್ಕಲಿಲ್ಲ... ಇಷ್ಟು ಮೆತ್ತಗೆ ಮಾತಾಡುವವರೂ ಇರುತ್ತಾರಾ ಎಂದುಕೊಂಡಳು.

ಮರುವಾರ ಪ್ರಿಂಟರ್‌ನ ಪ್ರೋಗ್ರಾಮ್ ಮಾಯವಾಯಿತು. ಅವನು ಬಂದು ಹಾಕಿಕೊಟ್ಟ. ಅದರ ಮುಂದಿನ ವಾರವೂ ಮಾಯ. ಮೂರನೆಯ ಸಲ ಬಂದವನು ಚಹಾ ಕುಡಿದು, ಹೊಲಿಗೆ ಯಂತ್ರಕ್ಕೂ ಎಣ್ಣೆ ಬಿಟ್ಟು ಹೋದ.

“ಅದೇನೇ, ನೀನು ಹೊಸ ಬಟ್ಟೆ ಹಾಕಿದ ದಿನವೇ ಕೆಡುತ್ತೆ?” ಎಂದು ಜೊತೆಗಿದ್ದ ಚಿಕ್ಕಮ್ಮ ಕೇಳಿದಳು.

ನಾಲ್ಕನೆಯ ಸಲ ಕರೆದಾಗ ಅವನು ಬರಲಿಲ್ಲ. ಬದಲಿಗೆ, ಇನ್‌ಸ್ಟಾಲ್ ಮಾಡುವ ಕ್ರಮವನ್ನು ದುಂಡಗೆ ಬರೆದ ಹಾಳೆಯೊಂದರ ಫೋಟೊ ಅವಳ ಫೋನಿಗೆ ಬಂತು. ‘ಇನ್ನು ನೀವೇ ಮಾಡಿಕೊಳ್ಳಬಹುದು’ ಎಂಬ ಕೊನೆಯ ಸಾಲು ಓದಿ ಅವಳ ಕಣ್ಣು ತುಂಬಿತು. ನನ್ನ ಸಹವಾಸ ಸಾಕಾಯಿತೇ...

ಆ ದಿನ ಒಂದು ಅಂಗಿಗೆ ಎರಡೂ ಎಡತೋಳನ್ನೇ ಹೊಲಿದಳು.

ಮರುದಿನ ನೇರ ಅವನ ಅಂಗಡಿಗೆ ಹೋದಳು.

“ಆ ಪ್ರೋಗ್ರಾಮ್ ತೆಗೀತಿದ್ದದ್ದು ನಾನೇ.”

“ಗೊತ್ತು. ತೆಗೆದ ದಿನ, ಹೊತ್ತು ಎಲ್ಲ ಕಂಪ್ಯೂಟರ್‌ನಲ್ಲಿ ದಾಖಲಾಗಿರುತ್ತೆ. ಎರಡನೇ ಸಲವೇ ನೋಡಿದೆ.”

ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವಳಿಗೆ. “ಮತ್ತೆ ಬರೋದು ಯಾಕೆ ಬಿಟ್ರಿ?”

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. “ರಿಪೇರಿ ನೆಪದಲ್ಲಿ ಎಷ್ಟು ದಿನ ಬರ್ಲಿ? ಏನೂ ಕೆಡದಿದ್ರೂ ಕರೀತೀರಾ ಅಂತ ಕಾಯ್ತಿದ್ದೆ. ನಿನ್ನೆಯಿಂದ ಫೋನ್ ಕೈಬಿಟ್ಟಿಲ್ಲ.”

ಅವಳು ನೆಲ ನೋಡಿದಳು, ಗೋಡೆ ನೋಡಿದಳು, ಕೊನೆಗೆ ಅವನನ್ನೇ ನೋಡಿದಳು.

“ಸಂಜೆ ಮನೆಗೆ ಬನ್ನಿ. ಚಿಕ್ಕಮ್ಮನ ಹತ್ರ ಮಾತಾಡ್ಬೇಕು.”

“ಸಂಜೆ ತನಕ ಯಾಕೆ?” ಎಂದವನೇ ಹೊರಬಂದು ಶಟರ್ ಎಳೆಯತೊಡಗಿದ.

“ರೀ, ಒಳಗೆ ಗಿರಾಕಿ ಇದ್ದಾರೆ,” ಎಂದಳು ಅವಳು.

ಆ ‘ರೀ’ ಇಬ್ಬರಿಗೂ ಒಟ್ಟಿಗೇ ಕೇಳಿಸಿತು. ಅವಳು ನಾಲಿಗೆ ಕಚ್ಚಿಕೊಂಡಳು.

“ಇನ್ನೊಂದ್ಸಲ ಅನ್ನಿ,” ಎಂದ ಅವನು, ಶಟರ್ ಅರ್ಧಕ್ಕೇ ಹಿಡಿದುಕೊಂಡು.

“ಮೊದ್ಲು ಪಾಪ ಅವರನ್ನ ಹೊರಗೆ ಬಿಡಿ. ಆಮೇಲೆ ಅಂತೀನಿ.”